ಪ್ರಜೆ ಎಂದು ಹೇಳಿದರೆ ಸಾಕೇ, ದಾಖಲೆ ತೋರಿಸಬೇಕೇ?

ಅಮೆರಿಕದ ಚುನಾವಣೆಯ ಸುದ್ದಿ ಓದುವವರಿಗೆ ಈಚಿನ ವರ್ಷಗಳಲ್ಲಿ ಒಂದು ವಾಗ್ವಾದ ಮೇಲಿಂದ ಮೇಲೆ ಎದುರಾಗುತ್ತಿದೆ. ಮತದಾರರ ಪಟ್ಟಿಗೆ ಹೆಸರು ಸೇರಿಸುವಾಗ ‘ನಾನು ಈ ದೇಶದ ಪ್ರಜೆ’ ಎಂದು ಬರೆದು ಸಹಿ ಹಾಕಿದರೆ ಸಾಕೇ, ಅಥವಾ ಪಾಸ್‌ಪೋರ್ಟನ್ನೋ ಜನನ ಪ್ರಮಾಣಪತ್ರವನ್ನೋ ಅಧಿಕಾರಿಯ ಮುಂದಿಡಬೇಕೇ ಎಂಬುದು ಆ ವಾದ. ಟಿವಿ ಚರ್ಚೆಗೆ ಬರುವ ಹೊತ್ತಿಗೆ ಇದು ‘ವಿದೇಶಿಯರು ವೋಟು ಹಾಕಬಹುದೇ?’ ಎಂಬ ಪ್ರಶ್ನೆಯಾಗಿ ಮಾರ್ಪಟ್ಟಿರುತ್ತದೆ. ಆ ಪ್ರಶ್ನೆಗೆ ಉತ್ತರ ಎಂದೋ ಸಿಕ್ಕಿದೆ. ಹಾಕಬಾರದು ಎಂಬುದರಲ್ಲಿ ಅಲ್ಲಿನ ಎರಡು ದೊಡ್ಡ ಪಕ್ಷಗಳಿಗೂ ಭಿನ್ನಮತವಿಲ್ಲ. ಇನ್ನೂ ಬಗೆಹರಿಯದೆ ಉಳಿದಿರುವ ಪ್ರಶ್ನೆ ಬೇರೆ. ಪೌರತ್ವವನ್ನು ರುಜುವಾತು ಮಾಡುವ ಹೊಣೆ ಮತದಾರನದೋ ಸರ್ಕಾರದ್ದೋ? ರುಜುವಾತು ಮಾಡಲಾಗದೆ ಉಳಿದ ನಿಜವಾದ ಪ್ರಜೆಯ ಗತಿಯೇನು?

ವಿಷಯಕ್ಕೆ ಹೊಸಬರಾದವರಿಗೆ ಇಲ್ಲಿ ಅನೇಕ ಕಾನೂನುಗಳ, ತೀರ್ಪುಗಳ ಹೆಸರು ಒಟ್ಟಿಗೆ ಬಂದು ಗೊಂದಲವಾಗುವುದು ಸಹಜ. ಹಾಗಾಗಿ ತಳಪಾಯದಿಂದ ಶುರು ಮಾಡಿ, ಒಂದೊಂದಾಗಿ ನೋಡುತ್ತ ಹೋಗೋಣ.

ಮೊದಲು ತಿಳಿದಿರಬೇಕಾದದ್ದು

ಒಂದನೆಯದು, ಕಾನೂನು ಈಗಾಗಲೇ ಇದೆ. 1996ರ ಕೇಂದ್ರ ಕಾಯ್ದೆಯ ಪ್ರಕಾರ ಅಧ್ಯಕ್ಷ ಮತ್ತು ಕಾಂಗ್ರೆಸ್ ಚುನಾವಣೆಗಳಲ್ಲಿ ಪೌರತ್ವ ಇಲ್ಲದವರು ಮತ ಹಾಕುವುದು ಅಪರಾಧ. ಒಂದು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು, ದೇಶದಿಂದ ಹೊರಗೂ ಹಾಕಬಹುದು. ಇತಿಹಾಸ ಮಾತ್ರ ಹೀಗಿರಲಿಲ್ಲ. 19ನೇ ಶತಮಾನದಲ್ಲಿ ಹಲವು ರಾಜ್ಯಗಳು ವಲಸೆ ಬಂದವರಿಗೆ, ಪೌರತ್ವ ಸಿಗುವ ಮೊದಲೇ, ಮತದ ಹಕ್ಕು ಕೊಟ್ಟಿದ್ದವು. ಆ ಪದ್ಧತಿಯನ್ನು ಕೊನೆಗೆ ಕೈಬಿಟ್ಟ ರಾಜ್ಯ ಅರ್ಕಾನ್ಸಾ, 1926ರಲ್ಲಿ. ಇಂದಿಗೂ ಮೇರಿಲ್ಯಾಂಡಿನ ಟಕೋಮಾ ಪಾರ್ಕ್‌ನಂಥ ಕೆಲವು ಊರುಗಳು ತಮ್ಮ ಸ್ಥಳೀಯ ಚುನಾವಣೆಗೆ ಮಾತ್ರ ಅಂಥವರಿಗೆ ಅವಕಾಶ ಕೊಟ್ಟಿವೆ. ಅದು ದೇಶದ ಚುನಾವಣೆಗೆ ಸಂಬಂಧಪಟ್ಟದ್ದಲ್ಲ.

ಎರಡನೆಯದು, ಅಮೆರಿಕದಲ್ಲಿ ನಮ್ಮ ಕೇಂದ್ರ ಚುನಾವಣಾ ಆಯೋಗದಂತೆ ಇಡೀ ದೇಶದ ಚುನಾವಣೆ ನಡೆಸುವ ಒಂದೇ ಸಂಸ್ಥೆ ಇಲ್ಲ. ದೇಶಕ್ಕೆಲ್ಲ ಒಂದೇ ಮತದಾರರ ಪಟ್ಟಿಯೂ ಇಲ್ಲ. ಪಟ್ಟಿ ತಯಾರಿಸುವುದು ರಾಜ್ಯಗಳ ಕೆಲಸ. ನಾರ್ತ್ ಡಕೋಟಾದಲ್ಲಂತೂ ಮತದಾರರ ನೋಂದಣಿ ಎಂಬುದೇ ಇಲ್ಲ. ಎಲ್ಲರ ಬಳಿಯೂ ಇರಬೇಕಾದ ರಾಷ್ಟ್ರೀಯ ಗುರುತಿನ ಚೀಟಿಯೂ ಆ ದೇಶದಲ್ಲಿಲ್ಲ. ದಿನನಿತ್ಯದ ಕೆಲಸಕ್ಕೆ ಅಲ್ಲಿಯ ಜನ ತೋರಿಸುವುದು ಡ್ರೈವಿಂಗ್ ಲೈಸೆನ್ಸನ್ನು. ಈ ಸಂಗತಿ ಮನಸ್ಸಿನಲ್ಲಿರಲಿ. ಮುಂದೆ ಬರುವ ತೊಡಕುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಂದಲೇ.

ಮೂರನೆಯದು, 1993ರ ಮತದಾರರ ನೋಂದಣಿ ಕಾಯ್ದೆ. ಬಿಲ್ ಕ್ಲಿಂಟನ್ ಸಹಿ ಹಾಕಿದ ಈ ಕಾಯ್ದೆಯನ್ನು ಜನ ‘ಮೋಟಾರ್ ವೋಟರ್’ ಕಾಯ್ದೆ ಎನ್ನುತ್ತಾರೆ. ಲೈಸೆನ್ಸ್ ಮಾಡಿಸಲು ಹೋದ ಕಚೇರಿಯಲ್ಲೇ ಮತದಾರರ ಪಟ್ಟಿಗೂ ಹೆಸರು ಕೊಡಬಹುದು, ಅಂಚೆಯಲ್ಲೂ ಅರ್ಜಿ ಕಳಿಸಬಹುದು ಎಂದು ಇದು ವ್ಯವಸ್ಥೆ ಮಾಡಿತು. ಎಲ್ಲ ರಾಜ್ಯಗಳೂ ಸ್ವೀಕರಿಸಲೇಬೇಕಾದ ಒಂದು ಕೇಂದ್ರೀಯ ಅರ್ಜಿ ನಮೂನೆಯನ್ನೂ ತಂದಿತು. ಆರು ರಾಜ್ಯಗಳು ಮಾತ್ರ ಈ ಕಾಯ್ದೆಯ ವ್ಯಾಪ್ತಿಯ ಹೊರಗಿವೆ. ನ್ಯೂ ಹ್ಯಾಂಪ್‌ಶೈರ್ ಮತ್ತು ವಯೋಮಿಂಗ್ ಅವುಗಳಲ್ಲಿ ಸೇರಿವೆ.

ಆ ಅರ್ಜಿಯಲ್ಲಿ ಏನಿದೆ?

ವಾದವೆಲ್ಲ ಸುತ್ತುವುದು ಈ ಒಂದು ಹಾಳೆಯ ಸುತ್ತ. ಆದ್ದರಿಂದ ಅದನ್ನು ಕೈಯಲ್ಲಿ ಹಿಡಿದಂತೆ ನೋಡೋಣ. ತಲೆಯ ಭಾಗದಲ್ಲೇ ಎರಡು ಪ್ರಶ್ನೆಗಳಿವೆ. ನೀವು ಅಮೆರಿಕದ ಪ್ರಜೆಯೇ? ಚುನಾವಣೆಯ ದಿನಕ್ಕೆ ನಿಮಗೆ 18 ವರ್ಷ ತುಂಬಿರುತ್ತದೆಯೇ? ಎರಡಕ್ಕೂ ‘ಹೌದು’, ‘ಇಲ್ಲ’ ಎಂಬ ಚೌಕಗಳು. ಯಾವುದಾದರೂ ಒಂದಕ್ಕೆ ‘ಇಲ್ಲ’ ಎಂದು ಗುರುತು ಹಾಕಿದರೆ ಅರ್ಜಿ ತುಂಬಬೇಡಿ ಎಂದು ಅಲ್ಲೇ ಬರೆದಿದೆ. ಕೆಳಗೆ ಹೆಸರು, ವಿಳಾಸ, ಹುಟ್ಟಿದ ದಿನಾಂಕ. 2002ರ ಇನ್ನೊಂದು ಕಾಯ್ದೆಯ ಪ್ರಕಾರ ಲೈಸೆನ್ಸ್ ನಂಬರನ್ನು ಬರೆಯಬೇಕು, ಅದಿಲ್ಲದಿದ್ದರೆ ಸೋಷಿಯಲ್ ಸೆಕ್ಯೂರಿಟಿ ನಂಬರಿನ ಕೊನೆಯ ನಾಲ್ಕು ಅಂಕಿ. ಕೊನೆಗೆ ಸಹಿ. ಸಹಿಯ ಪಕ್ಕದ ಸಾಲುಗಳು ಎಚ್ಚರಿಕೆ ಕೊಡುತ್ತವೆ: ಸುಳ್ಳು ಬರೆದಿದ್ದರೆ ದಂಡ ಅಥವಾ ಜೈಲು, ಪ್ರಜೆಯಲ್ಲದಿದ್ದರೆ ಗಡೀಪಾರು.

ಅಂದರೆ ಈಗಿನ ಪದ್ಧತಿ ಶಿಕ್ಷೆಯ ಭಯವಿರುವ ಘೋಷಣೆಯ ಮೇಲೆ ನಿಂತಿದೆ. ದಾಖಲೆ ಲಗತ್ತಿಸುವ ಅಗತ್ಯವಿಲ್ಲ. ಇಷ್ಟು ಸಾಲದು ಎನ್ನುವವರು ಒಂದು ಕಡೆ, ಇಷ್ಟು ಸಾಕು ಎನ್ನುವವರು ಇನ್ನೊಂದು ಕಡೆ.

ದಾಖಲೆ ಬೇಕು ಎನ್ನುವವರ ಮಾತು

ಈ ಪಕ್ಷದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬ್ಯಾಂಕ್ ಖಾತೆ ತೆರೆಯಲು, ವಿಮಾನ ಹತ್ತಲು ದಾಖಲೆ ಕೇಳುವ ದೇಶ, ಸರ್ಕಾರವನ್ನೇ ಆರಿಸುವ ಹಕ್ಕಿಗೆ ಒಂದು ಗೀಟು ಮತ್ತು ಸಹಿಯನ್ನು ನಂಬಿ ಕೂರಬೇಕೇ ಎಂದು ಅವರು ಕೇಳುತ್ತಾರೆ. 2000ನೇ ಇಸವಿಯ ಅಧ್ಯಕ್ಷ ಚುನಾವಣೆ ಫ್ಲಾರಿಡಾದಲ್ಲಿ ಕೇವಲ 537 ಮತಗಳ ಅಂತರದಲ್ಲಿ ತೀರ್ಮಾನವಾಯಿತು. ಅಂಥ ಹೊತ್ತಿನಲ್ಲಿ ನೂರಿನ್ನೂರು ಅಕ್ರಮ ಮತವೂ ಸಣ್ಣದಲ್ಲ ಎನ್ನುತ್ತಾರೆ.

ಉದಾಹರಣೆಗಳೂ ಅವರ ಬಳಿ ಇವೆ. ಆರೆಗಾನ್‌ನಲ್ಲಿ ಲೈಸೆನ್ಸ್ ಪಡೆದವರ ಹೆಸರು ತಾನಾಗಿಯೇ ಮತದಾರರ ಪಟ್ಟಿಗೆ ಹೋಗುವ ವ್ಯವಸ್ಥೆ ಇದೆ. ಪೌರತ್ವದ ದಾಖಲೆ ಕೊಡದಿದ್ದ ಸಾವಿರಕ್ಕೂ ಹೆಚ್ಚು ಜನರ ಹೆಸರು ಕಚೇರಿಯ ತಪ್ಪಿನಿಂದ ಪಟ್ಟಿ ಸೇರಿದ್ದು 2024ರಲ್ಲಿ ಬಯಲಾಯಿತು. ಅದೇ ವರ್ಷ ಮಿಷಿಗನ್‌ನಲ್ಲಿ ಚೀನಾದ ವಿದ್ಯಾರ್ಥಿಯೊಬ್ಬ ನೋಂದಣಿ ಮಾಡಿಸಿ ಮತ ಹಾಕಿದ. ಪ್ರಕರಣ ದಾಖಲಾಯಿತು, ಆದರೆ ಅವನ ಮತ ಆಗಲೇ ಉಳಿದ ಮತಗಳ ಜೊತೆ ಬೆರೆತಿದ್ದರಿಂದ ಅದನ್ನು ಹಿಂದಕ್ಕೆ ತೆಗೆಯಲು ಆಗಲಿಲ್ಲ.

ಜನರ ಬೆಂಬಲವೂ ಈ ವಾದಕ್ಕಿದೆ. ಮೊದಲ ಸಲ ನೋಂದಣಿ ಮಾಡಿಸುವವರು ಪೌರತ್ವದ ಪುರಾವೆ ಕೊಡಬೇಕು ಎಂದು 2024ರ ಅಕ್ಟೋಬರಿನ ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ 83 ಜನ ಹೇಳಿದ್ದಾರೆ. ಚುನಾವಣೆಯ ಮೇಲೆ ಜನರಿಗೆ ವಿಶ್ವಾಸ ಇರಬೇಕು, ಸೋತವನೂ ಫಲಿತಾಂಶವನ್ನು ಒಪ್ಪಬೇಕು, ಅದಕ್ಕೆ ಪಟ್ಟಿ ಶುದ್ಧವಾಗಿರಬೇಕು ಎಂಬ ಮಾತಿನಲ್ಲಿ ತೂಕವಿದೆ.

ಬೇಡ ಎನ್ನುವವರ ಮಾತು

ಇವರು ಎರಡು ಲೆಕ್ಕ ಮುಂದಿಡುತ್ತಾರೆ. ಮೊದಲನೆಯದು ಕಾಯಿಲೆಯ ಗಾತ್ರ. ಜಾರ್ಜಿಯಾ ರಾಜ್ಯ ತನ್ನ ಪಟ್ಟಿಯನ್ನು 2022ರಲ್ಲಿ ತಪಾಸಣೆ ಮಾಡಿಸಿತು. 25 ವರ್ಷಗಳಲ್ಲಿ ಪ್ರಜೆಗಳಲ್ಲದ 1,634 ಮಂದಿ ನೋಂದಣಿಗೆ ಪ್ರಯತ್ನಿಸಿದ್ದರು, ಯಾರೊಬ್ಬರ ಹೆಸರೂ ಪಟ್ಟಿ ಸೇರಿರಲಿಲ್ಲ. 2024ರಲ್ಲಿ ಮತ್ತೊಮ್ಮೆ ನೋಡಿದಾಗ 82 ಲಕ್ಷ ಮತದಾರರ ನಡುವೆ ಅಂಥ 20 ಹೆಸರು ಸಿಕ್ಕವು. ಎರಡೂ ಸಲ ತಪಾಸಣೆ ನಡೆಸಿದ್ದು ರಿಪಬ್ಲಿಕನ್ ಪಕ್ಷದವರೇ ಆದ ಅಧಿಕಾರಿ, ಬ್ರಾಡ್ ರಾಫೆನ್ಸ್‌ಪರ್ಗರ್. ಒಂದು ಮತಕ್ಕಾಗಿ ಜೈಲು ಮತ್ತು ಗಡೀಪಾರಿನ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಲು ವಲಸಿಗರು ಮುಂದಾಗುವುದು ತೀರ ಅಪರೂಪ ಎಂಬುದು ಇವರ ವಿವರಣೆ.

ಎರಡನೆಯದು ಔಷಧದ ಅಡ್ಡ ಪರಿಣಾಮ. ಪೌರತ್ವವನ್ನು ನೇರವಾಗಿ ತೋರಿಸುವ ದಾಖಲೆ ಅಮೆರಿಕದ ಪ್ರಜೆಗಳೆಲ್ಲರ ಕೈಯಲ್ಲೂ ಇಲ್ಲ. ಪಾಸ್‌ಪೋರ್ಟ್ ಇರುವುದು ಸುಮಾರು ಅರ್ಧದಷ್ಟು ಜನರಿಗೆ. ದೊಡ್ಡವರು ಹೊಸದಾಗಿ ಮಾಡಿಸಲು 165 ಡಾಲರ್ ಬೇಕು. ಡ್ರೈವಿಂಗ್ ಲೈಸೆನ್ಸ್ ಸಾಮಾನ್ಯವಾಗಿ ಪೌರತ್ವವನ್ನು ಹೇಳುವುದಿಲ್ಲ. ಗ್ರೀನ್ ಕಾರ್ಡ್ ಇರುವವರಿಗೂ ವೀಸಾದ ಮೇಲೆ ಬಂದವರಿಗೂ ಅದು ಸಿಗುತ್ತದೆ. ಪೌರತ್ವವನ್ನೂ ಸೂಚಿಸುವ ವಿಶೇಷ ಲೈಸೆನ್ಸ್ ಕೊಡುವ ರಾಜ್ಯಗಳು ಐದೇ. ಉಳಿದದ್ದು ಜನನ ಪ್ರಮಾಣಪತ್ರ.

ಅಲ್ಲೂ ತೊಡಕಿದೆ. ದಕ್ಷಿಣದ ರಾಜ್ಯಗಳಲ್ಲಿ ವರ್ಣಭೇದದ ಕಾಲದಲ್ಲಿ, ಆಸ್ಪತ್ರೆಯ ಬಾಗಿಲು ತೆರೆಯದೆ ಸೂಲಗಿತ್ತಿಯ ಕೈಯಲ್ಲಿ ಮನೆಯಲ್ಲೇ ಹುಟ್ಟಿದ ಅನೇಕ ಕಪ್ಪು ಹಿರಿಯರಿಗೆ ಜನನ ಪ್ರಮಾಣಪತ್ರವೇ ಸಿಕ್ಕಿರಲಿಲ್ಲ. ಮದುವೆಯಾದ ಹೆಂಗಸರದು ಇನ್ನೊಂದು ಪಾಡು. ಗಂಡನ ಮನೆಯ ಹೆಸರು ಇಟ್ಟುಕೊಂಡವರು ನೂರಕ್ಕೆ 79 ಎಂದು 2023ರ ಪ್ಯೂ ಸಮೀಕ್ಷೆ ಹೇಳುತ್ತದೆ. ಅಂಥವರ ಜನನ ಪ್ರಮಾಣಪತ್ರದಲ್ಲಿ ಒಂದು ಹೆಸರು, ಲೈಸೆನ್ಸಿನಲ್ಲಿ ಇನ್ನೊಂದು. ಎರಡನ್ನೂ ಬೆಸೆಯಲು ಮದುವೆಯ ಪ್ರಮಾಣಪತ್ರವೂ ಬೇಕು. ಪೌರತ್ವದ ದಾಖಲೆ ಕೇಳುವ ಹೊಸ ನಿಯಮ ಬಂದ ಮೇಲೆ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 2025ರ ಮಾರ್ಚಿನಲ್ಲಿ ಊರಿನ ಚುನಾವಣೆಗಳು ನಡೆದವು. ಮತಗಟ್ಟೆಗೆ ಬಂದ ಕೆಲವು ಮಹಿಳೆಯರು ಹೀಗೆ ಕಾಗದ ಹುಡುಕಿ ತರಲು ಮನೆಗೆ ವಾಪಸು ಹೋಗಬೇಕಾಯಿತು.

ಮತದ ವಯಸ್ಸಿನ ಪ್ರಜೆಗಳಲ್ಲಿ 2.13 ಕೋಟಿ ಜನರಿಗೆ, ಅಂದರೆ ನೂರಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿಗೆ, ಇಂಥ ದಾಖಲೆ ಕೂಡಲೇ ಕೈಗೆ ಸಿಗುವಂತಿಲ್ಲ ಎಂದು ಬ್ರೆನ್ನನ್ ಸೆಂಟರ್ ಮತ್ತು ಅದರ ಜೊತೆಗಾರರ ಸಮೀಕ್ಷೆ ಅಂದಾಜಿಸಿದೆ. ಈ ಸಂಸ್ಥೆ ಇಂಥ ನಿಯಮಗಳನ್ನು ವಿರೋಧಿಸುವ ಕಡೆಯದು ಎಂಬುದು ಓದುಗರಿಗೆ ತಿಳಿದಿರಲಿ. ಆದರೂ ಅಂದಾಜಿನ ಗಾತ್ರ ಯೋಚನೆಗೆ ಹಚ್ಚುವಂಥದ್ದು.

ಕಾನ್ಸಾಸ್‌ನಲ್ಲಿ ಆದದ್ದು

ಹೀಗೆ ಅಂದಾಜಿಗೆ ಅಂದಾಜು ಎದುರಾದಾಗ, ನಿಜವಾಗಿ ಜಾರಿಗೆ ತಂದ ಕಡೆ ಏನಾಯಿತು ಎಂದು ನೋಡುವುದೇ ಒಳ್ಳೆಯ ದಾರಿ. ಇಡೀ ವಿಷಯದಲ್ಲಿ ಒಂದೇ ಒಂದು ಪ್ರಕರಣ ಓದಲು ಸಮಯವಿದೆ ಎನ್ನುವವರಿಗೆ ನಾನು ಕಾನ್ಸಾಸ್ ಪ್ರಕರಣವನ್ನೇ ಓದಿ ಎನ್ನುತ್ತೇನೆ. ಅಲ್ಲಿ ವಿಚಾರಣೆ ನಡೆದಿದೆ, ಸಾಕ್ಷಿಗಳ ಪಾಟೀಸವಾಲು ಆಗಿದೆ, ಅಂಕಿಗಳನ್ನು ಕೋರ್ಟಿನಲ್ಲಿ ತೂಗಿ ನೋಡಿದ್ದಾರೆ.

ಕಾನ್ಸಾಸ್ 2011ರಲ್ಲಿ ಕಾಯ್ದೆ ಮಾಡಿತು. 2013ರ ಜನವರಿ 1ರಿಂದ ಹೊಸದಾಗಿ ನೋಂದಣಿ ಮಾಡಿಸುವವರು ಪೌರತ್ವದ ದಾಖಲೆ ಕೊಡಬೇಕಾಯಿತು. ಕಾಯ್ದೆಯ ಹಿಂದಿದ್ದವರು ರಾಜ್ಯದ ಅಂದಿನ ಸೆಕ್ರೆಟರಿ ಆಫ್ ಸ್ಟೇಟ್ ಕ್ರಿಸ್ ಕೋಬಾಕ್. ಆ ರಾಜ್ಯದಲ್ಲಿ ಚುನಾವಣೆಯ ಉಸ್ತುವಾರಿ ಈ ಹುದ್ದೆಯವರದು. ದಾಖಲೆ ಕೊಡದವರ ಅರ್ಜಿಗಳನ್ನು ತಡೆಹಿಡಿದರು. 90 ದಿನ ಕಳೆದರೆ ಅರ್ಜಿ ರದ್ದು ಎಂಬ ನಿಯಮವನ್ನೂ 2015ರಲ್ಲಿ ತಂದರು.

ಮೊಕದ್ದಮೆ ಹೂಡಿದವರಲ್ಲಿ ಒಬ್ಬರು ಲಾರೆನ್ಸ್ ಊರಿನವರು, ಗೋದಾಮೊಂದರಲ್ಲಿ ರಾತ್ರಿಪಾಳಿ ಕೆಲಸ ಮಾಡುತ್ತಿದ್ದವರು. 2014ರಲ್ಲಿ ಲೈಸೆನ್ಸ್ ಕಚೇರಿಗೆ ಹೋದಾಗ ಮತದಾರರ ಪಟ್ಟಿಗೂ ಹೆಸರು ಕೊಟ್ಟರು. ಆಮೇಲೆ ಜನನ ಪ್ರಮಾಣಪತ್ರ ಬೇಕೆಂಬ ಪತ್ರ ಬಂತು. ಅವರು ಹುಟ್ಟಿದ್ದು ಇಲಿನಾಯ್‌ನ ವಾಯುಪಡೆ ನೆಲೆಯೊಂದರಲ್ಲಿ. ಆ ನೆಲೆಯೇ ಮುಚ್ಚಿಹೋಗಿತ್ತು. ಯಾರನ್ನು ಕೇಳಬೇಕು, ಎಲ್ಲಿ ಹುಡುಕಬೇಕು ಎಂಬುದು ತಿಳಿಯಲಿಲ್ಲ. ಆ ವರ್ಷ ಗವರ್ನರ್ ಚುನಾವಣೆಯಲ್ಲಿ ಅವರು ಮತ ಹಾಕಲಾಗಲಿಲ್ಲ. ಪ್ರಮಾಣಪತ್ರ ಕೊನೆಗೆ ಮನೆಯವರ ತಿಜೋರಿಯೊಳಗೆ ಸಿಕ್ಕಿತು, ಅಷ್ಟರಲ್ಲಿ ಚುನಾವಣೆ ಮುಗಿದು ಬಹಳ ಕಾಲವಾಗಿತ್ತು. ಹುಟ್ಟಿನಿಂದಲೇ ಅಮೆರಿಕದ ಪ್ರಜೆಯಾದ ಮನುಷ್ಯನ ಕಥೆ ಇದು.

ಇಂಥವರು ಎಷ್ಟು ಜನ? ಕಾಯ್ದೆಯಿಂದಾಗಿ ರದ್ದಾದ ಅಥವಾ ತಡೆಹಿಡಿದ ಅರ್ಜಿಗಳು 31,089 ಎಂದು ಕೋರ್ಟ್ ಕಂಡುಕೊಂಡಿತು. ಮೊದಲ ಸಲ ಅರ್ಜಿ ಹಾಕಿದವರಲ್ಲಿ ಇದು ನೂರಕ್ಕೆ ಸುಮಾರು 12. ಇವರಲ್ಲಿ ಬಹುಪಾಲು ಪ್ರಜೆಗಳೇ. ಯುವಜನರು, ಯಾವ ಪಕ್ಷಕ್ಕೂ ಸೇರದವರು ಹೆಚ್ಚಿನ ಪ್ರಮಾಣದಲ್ಲಿ ಸಿಕ್ಕಿಬಿದ್ದಿದ್ದರು. ಇನ್ನೊಂದು ತಟ್ಟೆಯಲ್ಲಿ ಏನಿತ್ತು? 1999ರಿಂದ ಈಚೆಗೆ ಪಟ್ಟಿ ಸೇರಿದ್ದ ಪ್ರಜೆಗಳಲ್ಲದವರು ಹೆಚ್ಚೆಂದರೆ 39 ಮಂದಿ. ಅದರಲ್ಲೂ ಹಲವು ಹೆಸರು ಸೇರಿದ್ದು ಕಚೇರಿಯ ಎಡವಟ್ಟಿನಿಂದ ಅಥವಾ ಅರ್ಜಿದಾರರ ಗೊಂದಲದಿಂದ. ಕಂಡದ್ದು ಹಿಮಗುಡ್ಡದ ತುದಿ ಮಾತ್ರ, ನೀರಿನ ಕೆಳಗೆ ಇನ್ನೂ ಬಹಳವಿದೆ ಎಂಬುದು ಕೋಬಾಕ್ ವಾದವಾಗಿತ್ತು. ನೀರಿನ ಕೆಳಗೆ ಯಾವ ಗುಡ್ಡವೂ ಇಲ್ಲ, ಇರುವುದು ಒಂದು ಹಿಮದ ಕಡ್ಡಿ ಎಂಬರ್ಥದ ಮಾತನ್ನು ನ್ಯಾಯಾಧೀಶೆ ಜೂಲಿ ರಾಬಿನ್‌ಸನ್ 2018ರ ಜೂನ್ ತೀರ್ಪಿನಲ್ಲಿ ಬರೆದರು. ಅವರನ್ನು ನೇಮಿಸಿದ್ದು ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ಎತ್ತಿಹಿಡಿಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮಧ್ಯೆ ಪ್ರವೇಶಿಸಲು ಒಪ್ಪಲಿಲ್ಲ.

ಕೋಬಾಕ್ ನಂತರ ಆ ಹುದ್ದೆಗೆ ಬಂದ ಸ್ಕಾಟ್ ಶ್ವಾಬ್ ಅವರೂ ರಿಪಬ್ಲಿಕನ್. ನಮ್ಮ ರಾಜ್ಯ ಇದನ್ನು ಹತ್ತು ವರ್ಷದ ಹಿಂದೆಯೇ ಮಾಡಿ ನೋಡಿತು, ಅದು ಸರಿಹೋಗಲಿಲ್ಲ ಎಂಬ ಅರ್ಥದಲ್ಲಿ ಅವರು 2024ರಲ್ಲಿ ಮಾತಾಡಿದರು.

ಅರಿಜೋನಾದ ಎರಡು ಪಟ್ಟಿ

ಅರಿಜೋನಾದ ದಾರಿ ಬೇರೆ. ಅಲ್ಲಿ 2004ರಲ್ಲಿ ಜನರೇ ಮತ ಹಾಕಿ ದಾಖಲೆ ಕಡ್ಡಾಯ ಮಾಡಿದರು. 2013ರಲ್ಲಿ ಸುಪ್ರೀಂ ಕೋರ್ಟ್ 7–2ರ ಬಹುಮತದಿಂದ ಒಂದು ಮಿತಿ ಹಾಕಿತು. ತೀರ್ಪು ಬರೆದವರು ಸಂಪ್ರದಾಯವಾದಿ ಎಂದೇ ಹೆಸರಾದ ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯಾ. ಕೇಂದ್ರೀಯ ನಮೂನೆಯಲ್ಲಿ ಅರ್ಜಿ ಹಾಕಿದವರನ್ನು ರಾಜ್ಯ ಹೆಚ್ಚುವರಿ ದಾಖಲೆ ಕೇಳಿ ತಡೆಯುವಂತಿಲ್ಲ ಎಂದರು. ಪರಿಣಾಮವಾಗಿ ಅಲ್ಲಿ ಮತದಾರರು ಎರಡು ಬಗೆಯಾದರು. ದಾಖಲೆ ಕೊಟ್ಟವರು ಎಲ್ಲ ಚುನಾವಣೆಯಲ್ಲೂ ಮತ ಹಾಕಬಹುದು. ಕೊಡದವರಿಗೆ ಅಧ್ಯಕ್ಷ, ಸೆನೆಟ್, ಪ್ರತಿನಿಧಿ ಸಭೆಯ ಮತಪತ್ರ ಮಾತ್ರ.

2024ರ ಸೆಪ್ಟೆಂಬರಿನಲ್ಲಿ ಈ ವ್ಯವಸ್ಥೆಯೊಳಗಿನ ಒಂದು ಹಳೆಯ ದೋಷ ಹೊರಬಿತ್ತು. 1996ರ ಅಕ್ಟೋಬರಿಗೆ ಮುಂಚೆ ಲೈಸೆನ್ಸ್ ಪಡೆದು, ಆಮೇಲೆ ಅದರ ನಕಲು ಪ್ರತಿ ಮಾಡಿಸಿಕೊಂಡವರನ್ನು ಕಂಪ್ಯೂಟರ್ ‘ಪೌರತ್ವದ ದಾಖಲೆ ಕೊಟ್ಟವರು’ ಎಂದು ಗುರುತಿಸಿಕೊಂಡಿತ್ತು. ನಿಜದಲ್ಲಿ ಅವರಿಂದ ದಾಖಲೆ ಕೇಳಿಯೇ ಇರಲಿಲ್ಲ. ಮೊದಲು ಸುಮಾರು 98,000 ಎಂದರು, ಕೆಲವೇ ವಾರಗಳಲ್ಲಿ ಸಂಖ್ಯೆ ಸುಮಾರು 2,18,000ಕ್ಕೆ ಏರಿತು. ಹತ್ತಾರು ವರ್ಷಗಳಿಂದ ಅಲ್ಲೇ ಬಾಳುತ್ತಿರುವ ನಡುವಯಸ್ಸಿನವರೇ ಇವರಲ್ಲಿ ಹೆಚ್ಚು, ಅವರಲ್ಲಿ ರಿಪಬ್ಲಿಕನ್ ಪಕ್ಷದಲ್ಲಿ ಹೆಸರು ಕೊಟ್ಟವರ ಸಂಖ್ಯೆ ಡೆಮಾಕ್ರಟರಿಗಿಂತ ಜಾಸ್ತಿ. ಚುನಾವಣೆ ಹೊಸ್ತಿಲಲ್ಲಿದ್ದಾಗ ಇವರ ಹಕ್ಕನ್ನು ಮೊಟಕು ಮಾಡುವುದು ನ್ಯಾಯವಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ ಪೂರ್ಣ ಮತಪತ್ರಕ್ಕೆ ಅವಕಾಶ ಕೊಟ್ಟಿತು.

ದಾಖಲೆ ಕಡ್ಡಾಯ ಮಾಡಿದರೆ ಸಾಲದು, ಅದನ್ನು ನಿಭಾಯಿಸುವ ಕಚೇರಿಗಳೂ ಕಂಪ್ಯೂಟರುಗಳೂ ತಪ್ಪಬಹುದು ಎಂಬುದನ್ನು ಇದು ತೋರಿಸುತ್ತದೆ. ಆ ತಪ್ಪು ಯಾವ ಪಕ್ಷದ ಮತದಾರನ ತಲೆಯ ಮೇಲೆ ಬೀಳುತ್ತದೆಂದು ಮುಂಚಿತವಾಗಿ ಹೇಳಲಾಗದು.

ಈಗ ವಾಷಿಂಗ್ಟನ್‌ನಲ್ಲಿ

ರಾಜ್ಯಗಳ ಮಟ್ಟದಲ್ಲಿದ್ದ ಚರ್ಚೆ ರಾಷ್ಟ್ರಮಟ್ಟಕ್ಕೆ ಬಂದದ್ದು ‘ಸೇವ್’ ಮಸೂದೆಯ ಮೂಲಕ. ಟೆಕ್ಸಸ್‌ನ ಪ್ರತಿನಿಧಿ ಚಿಪ್ ರಾಯ್ ಮಂಡಿಸಿದ ಇದನ್ನು ಪ್ರತಿನಿಧಿ ಸಭೆ 2024ರ ಜುಲೈನಲ್ಲಿ ಒಮ್ಮೆ, 2025ರ ಏಪ್ರಿಲ್ 10ರಂದು 220–208 ಮತಗಳಿಂದ ಮತ್ತೊಮ್ಮೆ ಅಂಗೀಕರಿಸಿತು. ದೇಶದ ಎಲ್ಲೆಡೆ ಹೊಸದಾಗಿ ನೋಂದಣಿ ಮಾಡಿಸುವವರು ಪೌರತ್ವದ ದಾಖಲೆ ಕೊಡಬೇಕು, ಅಂಚೆಯಲ್ಲಿ ಅರ್ಜಿ ಕಳಿಸಿದವರೂ ದಾಖಲೆಯನ್ನು ಖುದ್ದಾಗಿ ತೋರಿಸಬೇಕು ಎನ್ನುತ್ತದೆ ಅದು. ಸೆನೆಟ್‌ನಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಲು ಸಾಮಾನ್ಯವಾಗಿ 60 ಮತ ಬೇಕು. ಇಂಥ ಮಸೂದೆಗೆ ಅದೇ ದೊಡ್ಡ ಅಡ್ಡಗೋಡೆ.

2025ರ ಮಾರ್ಚ್ 25ರಂದು ಅಧ್ಯಕ್ಷ ಟ್ರಂಪ್ ಕಾರ್ಯಾದೇಶದ ಮೂಲಕವೇ ಕೇಂದ್ರೀಯ ನಮೂನೆಗೆ ದಾಖಲೆಯ ಷರತ್ತು ಸೇರಿಸಲು ಹೊರಟರು. ಚುನಾವಣೆಯ ನಿಯಮ ಮಾಡುವ ಅಧಿಕಾರವನ್ನು ಸಂವಿಧಾನ ರಾಜ್ಯಗಳಿಗೆ ಮತ್ತು ಕಾಂಗ್ರೆಸ್ಸಿಗೆ ಕೊಟ್ಟಿದೆ, ಅಧ್ಯಕ್ಷರಿಗೆ ಕೊಟ್ಟಿಲ್ಲ ಎಂದು ನ್ಯಾಯಾಧೀಶೆ ಕಾಲೀನ್ ಕೊಲ್ಲರ್-ಕೊಟೆಲಿ ಏಪ್ರಿಲ್‌ನಲ್ಲಿ ತಾತ್ಕಾಲಿಕ ತಡೆ ನೀಡಿ, ಅಕ್ಟೋಬರ್ 31ರಂದು ಅದನ್ನು ಕಾಯಂ ಮಾಡಿದರು. ಗಮನಿಸಿ, ಈ ತೀರ್ಪು ಹೇಳಿದ್ದು ಯಾರು ನಿಯಮ ಮಾಡಬಹುದು ಎಂಬುದನ್ನು. ನಿಯಮ ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆಯೇ ಪ್ರಶ್ನೆ. ಸುದ್ದಿ ಓದುವಾಗ ಈ ಎರಡನ್ನು ಬೆರೆಸಬಾರದು. 1993ರ ಕಾಯ್ದೆಯ ಹೊರಗಿರುವ ನ್ಯೂ ಹ್ಯಾಂಪ್‌ಶೈರ್ 2024ರ ಚುನಾವಣೆಯ ನಂತರ, ವಯೋಮಿಂಗ್ 2025ರ ಜುಲೈ 1ರಿಂದ ತಮ್ಮದೇ ನಿಯಮ ಜಾರಿಗೆ ತಂದವು.

ಅಲ್ಲಿರುವ ಕನ್ನಡಿಗರಿಗೆ ಇದರಿಂದ ಏನು?

ಎಚ್-1ಬಿ ವೀಸಾದಲ್ಲಿ ಹೋಗಿ, ವರ್ಷಗಟ್ಟಲೆ ಕಾದು ಗ್ರೀನ್ ಕಾರ್ಡ್ ಪಡೆದು, ಆಮೇಲೆ ಪೌರತ್ವದ ಪ್ರಮಾಣವಚನ ತೆಗೆದುಕೊಂಡ ಕನ್ನಡಿಗರು ಟೆಕ್ಸಸ್, ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳಲ್ಲಿ ಬಹಳ ಜನ. ಅವರು 2019ರ ಟೆಕ್ಸಸ್ ಪ್ರಕರಣವನ್ನು ತಿಳಿದಿರಬೇಕು. ಆ ವರ್ಷದ ಜನವರಿಯಲ್ಲಿ ರಾಜ್ಯದ ಅಧಿಕಾರಿಗಳು, ಪಟ್ಟಿಯಲ್ಲಿರುವ ಸುಮಾರು 95,000 ಮಂದಿ ಪ್ರಜೆಗಳಲ್ಲ ಎಂಬ ಅನುಮಾನವಿದೆ ಎಂದು ಪ್ರಕಟಿಸಿದರು. ಅನುಮಾನ ಬಂದದ್ದು ಲೈಸೆನ್ಸ್ ಕಚೇರಿಯ ಕಡತದಿಂದ. ಗ್ರೀನ್ ಕಾರ್ಡ್ ತೋರಿಸಿ ಲೈಸೆನ್ಸ್ ಪಡೆದವರನ್ನು ಆ ಕಡತ ‘ಪ್ರಜೆಯಲ್ಲ’ ಎಂದೇ ಬರೆದಿಟ್ಟುಕೊಂಡಿರುತ್ತದೆ. ಅದೇ ಮನುಷ್ಯ ಆಮೇಲೆ ಪೌರತ್ವ ಪಡೆದು, ಕಾನೂನುಬದ್ಧವಾಗಿ ಮತದಾರನಾದರೂ ಲೈಸೆನ್ಸ್ ನವೀಕರಣದ ತನಕ ಕಡತ ಬದಲಾಗುವುದಿಲ್ಲ. ಕೆಲವೇ ದಿನಗಳಲ್ಲಿ, ಹೆಸರಿಸಲಾದವರಲ್ಲಿ ಸಾವಿರಾರು ಮಂದಿ ಹೀಗೆ ವಲಸೆ ಬಂದು ಪ್ರಜೆಗಳಾದವರು ಎಂದು ಗೊತ್ತಾಯಿತು. ಮೊಕದ್ದಮೆಗಳು ಬಿದ್ದವು, ಏಪ್ರಿಲ್‌ನಲ್ಲಿ ರಾಜ್ಯ ರಾಜಿಗೆ ಬಂದು ಆ ಪಟ್ಟಿಯನ್ನು ಹಿಂದಕ್ಕೆ ಪಡೆಯಿತು.

ಹೊಸದಾಗಿ ಅಲ್ಲಿಗೆ ಹೋದವರಿಗೆ ಎರಡು ಕಿವಿಮಾತು. ಇನ್ನೂ ವೀಸಾ ಅಥವಾ ಗ್ರೀನ್ ಕಾರ್ಡಿನಲ್ಲಿದ್ದರೆ, ಲೈಸೆನ್ಸ್ ಕೌಂಟರಿನಲ್ಲಿ ‘ಮತದಾರರಾಗಿ ನೋಂದಾಯಿಸಲೇ?’ ಎಂಬ ಪ್ರಶ್ನೆ ಬಂದಾಗ ಸ್ಪಷ್ಟವಾಗಿ ಬೇಡ ಎನ್ನಿ. ಪರದೆಯ ಮೇಲಿನ ಗುರುತನ್ನು ಇನ್ನೊಮ್ಮೆ ನೋಡಿ ಸಹಿ ಮಾಡಿ. ಗಡಿಬಿಡಿಯಲ್ಲಿ ಹಾಕಿದ ಒಂದು ‘ಹೌದು’ ಮುಂದೆ ಪೌರತ್ವದ ಅರ್ಜಿಗೇ ಕುತ್ತು ತರಬಹುದು, ಗಡೀಪಾರಿಗೂ ಕಾರಣವಾಗಬಹುದು. ಪೌರತ್ವ ಸಿಕ್ಕವರು ಲೈಸೆನ್ಸ್ ಕಚೇರಿ ಮತ್ತು ಸೋಷಿಯಲ್ ಸೆಕ್ಯೂರಿಟಿ ಕಚೇರಿ ಎರಡರಲ್ಲೂ ದಾಖಲೆ ತಿದ್ದಿಸಿಕೊಳ್ಳಿ. ನ್ಯಾಚುರಲೈಸೇಶನ್ ಸರ್ಟಿಫಿಕೇಟನ್ನು ಜೋಪಾನವಾಗಿಡಿ, ಕಳೆದುಕೊಂಡರೆ ಬದಲಿ ಪ್ರತಿಗೆ 500 ಡಾಲರಿಗೂ ಹೆಚ್ಚು ಶುಲ್ಕವಿದೆ.

ನಮ್ಮ ದೇಶದಲ್ಲಿ

ಇದೇ ಪ್ರಶ್ನೆ ನಮ್ಮಲ್ಲೂ ಇದೆ. ಸಂವಿಧಾನದ 326ನೇ ವಿಧಿಯ ಪ್ರಕಾರ ಮತದ ಹಕ್ಕು ಭಾರತದ ಪ್ರಜೆಗೆ ಮಾತ್ರ. ಆದರೂ ಊರಿನಲ್ಲಿ ಹೊಸ ಮತದಾರ ತುಂಬುವ ನಮೂನೆ 6ರಲ್ಲಿ ವಯಸ್ಸಿಗೆ ಮತ್ತು ವಾಸಕ್ಕೆ ದಾಖಲೆ ಕೇಳುತ್ತಾರೆ, ಪೌರತ್ವಕ್ಕೆ ಘೋಷಣೆ. ಸುಳ್ಳು ಘೋಷಣೆಗೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು ಇದೆ. ಹೊರದೇಶದಲ್ಲಿರುವ ಭಾರತೀಯ ಪ್ರಜೆ ತುಂಬುವ ನಮೂನೆ 6ಎಗೆ ಮಾತ್ರ ಭಾರತದ ಪಾಸ್‌ಪೋರ್ಟಿನ ಪ್ರತಿ ಬೇಕು.

2025ರ ಜೂನ್‌ನಲ್ಲಿ ಬಿಹಾರದಲ್ಲಿ ಶುರುವಾದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಈ ಸಮತೋಲವನ್ನು ಬದಲಿಸಿತು. 2003ರ ಪಟ್ಟಿಯಲ್ಲಿ ಹೆಸರಿಲ್ಲದವರು 11 ದಾಖಲೆಗಳಲ್ಲಿ ಒಂದನ್ನು ಕೊಡಬೇಕು ಎಂದು ಚುನಾವಣಾ ಆಯೋಗ ಹೇಳಿತು. ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದವು. ಸಾವು, ವಲಸೆ, ಎರಡೆರಡು ಕಡೆ ನೋಂದಣಿ ಮುಂತಾದವು ಆಯೋಗ ಕೊಟ್ಟ ಕಾರಣಗಳು. ಬಿಟ್ಟುಹೋದ ಹೆಸರುಗಳನ್ನು ಕಾರಣದ ಸಮೇತ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಆದೇಶಿಸಿತು. ಸೆಪ್ಟೆಂಬರ್ 8ರಂದು, ಗುರುತಿಗಾಗಿ ಆಧಾರ್ ಅನ್ನು 12ನೇ ದಾಖಲೆಯಾಗಿ ಒಪ್ಪಿಕೊಳ್ಳಿ, ಆದರೆ ಅದು ಪೌರತ್ವದ ಪುರಾವೆಯಲ್ಲ ಎಂದಿತು. ಅಮೆರಿಕದ ಚರ್ಚೆಯನ್ನು ಅರ್ಥ ಮಾಡಿಕೊಂಡವರಿಗೆ ಈ ಆದೇಶಗಳ ಮಹತ್ವ ತಾನಾಗಿ ತಿಳಿಯುತ್ತದೆ.

ತೂಗಿ ನೋಡುವ ಬಗೆ

ಮತದಾರರ ಪಟ್ಟಿಯಲ್ಲಿ ಆಗಬಹುದಾದ ತಪ್ಪು ಎರಡು. ಇರಬಾರದವನ ಹೆಸರು ಸೇರುವುದು ಒಂದು, ಇರಬೇಕಾದವನ ಹೆಸರು ತಪ್ಪುವುದು ಇನ್ನೊಂದು. ಎರಡೂ ಅನ್ಯಾಯವೇ. ಅಕ್ರಮ ಮತ ನ್ಯಾಯವಾದ ಒಂದು ಮತವನ್ನು ಕೊಂದಂತೆ ಎಂದು ಒಂದು ಕಡೆಯವರು ಹೇಳುವುದು ನಿಜ. ತಡೆಹಿಡಿದ ಪ್ರಜೆಯ ಮತವೂ ಅಷ್ಟೇ ಪೂರ್ತಿಯಾಗಿ ಸತ್ತಿರುತ್ತದೆ ಎಂಬುದೂ ನಿಜ. ಒಂದೇ ತಪ್ಪನ್ನು ಎಣಿಸಿ ಇನ್ನೊಂದನ್ನು ಎಣಿಸದ ವಾದವನ್ನು, ಅದು ಯಾವ ಪಕ್ಷದಿಂದ ಬಂದರೂ, ಅರ್ಧ ವಾದವೆಂದೇ ತಿಳಿಯಬೇಕು.

ಮುಂದಿನ ಸಲ ಇಂಥ ಸುದ್ದಿ ಓದುವಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ನಿಯಮ ಹೊಸಬರಿಗೆ ಮಾತ್ರವೋ, ಈಗಾಗಲೇ ಪಟ್ಟಿಯಲ್ಲಿರುವವರಿಗೂ ಅನ್ವಯವೋ? ದಾಖಲೆ ಹುಡುಕಬೇಕಾದವರು ಯಾರು? ಮೂಲ ಕಾಗದ ಇಲ್ಲದವರಿಗೆ ಖರ್ಚಿಲ್ಲದ ಬೇರೆ ದಾರಿ ಇದೆಯೇ? ಹೆಸರು ಕೈಬಿಡುವ ಮೊದಲು ಕಾರಣ ಹೇಳಿ, ಉತ್ತರ ಕೊಡಲು ಸಾಕಷ್ಟು ಕಾಲ ಕೊಡುತ್ತಾರೆಯೇ?

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಪೌರತ್ವವನ್ನು ಪರಿಶೀಲಿಸುವುದು ತಪ್ಪಲ್ಲ, ಪರಿಶೀಲಿಸಲಿ. ಆದರೆ ಜನನದ ರಿಜಿಸ್ಟರು, ಪಾಸ್‌ಪೋರ್ಟಿನ ಕಡತ, ಪೌರತ್ವ ಕೊಟ್ಟ ದಾಖಲೆ ಎಲ್ಲವೂ ಇರುವುದು ಸರ್ಕಾರದ ಬಳಿಯೇ. ಹುಡುಕುವ ಮೊದಲ ಹೊಣೆಯೂ ಅದರದ್ದೇ ಆಗಬೇಕು. ತನ್ನ ಕಡತಗಳನ್ನು ತಾನೇ ಕೂಡಿಸಿ ನೋಡಿ, ಅನುಮಾನಕ್ಕೆ ಗಟ್ಟಿ ಕಾರಣ ಸಿಕ್ಕವರಿಗೆ ಮಾತ್ರ ನೋಟಿಸ್ ಕೊಡಲಿ. ರಾತ್ರಿಪಾಳಿ ಮುಗಿಸಿ ಬಂದ ಕೂಲಿಕಾರ್ಮಿಕನೋ ಮದುವೆಯಾಗಿ ಹೆಸರು ಬದಲಾದ ಹೆಣ್ಣುಮಗಳೋ ಸರ್ಕಾರದ ಬಳಿಯೇ ಇರುವ ಕಾಗದವನ್ನು ಹುಡುಕುತ್ತ ಅಲೆಯುವಂತಾಗಬಾರದು. ಅನುಮಾನವನ್ನು ಸಾಬೀತು ಮಾಡುವ ತನಕ ಪ್ರಜೆಯ ಹೆಸರು ಪಟ್ಟಿಯಲ್ಲೇ ಇರಬೇಕು. ಈ ಒಂದು ತತ್ವವನ್ನು ಒಪ್ಪಿಕೊಂಡರೆ ಪಟ್ಟಿಯ ಶುದ್ಧಿ ಮತ್ತು ಪ್ರಜೆಯ ಹಕ್ಕು ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಸಾಧ್ಯವಿದೆ.